ಸಕ್ಕರೆಯಿಲ್ಲದ ಕರೆಯ

ಮೊನ್ನೆ ಸಾಗರದ ಪೇಟೆಯಲ್ಲಿ, ಬೇಕಾದ್ದನ್ನು ನಾವೇ ಆರಿಸಿ ಬುಟ್ಟಿಗೆ ಹಾಕಿಕೊಳ್ಳುವ ಅಂಗಡಿಯೊಂದರಲ್ಲಿ, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ನನಗೇ ಗೊತ್ತಿಲ್ಲ. ಪೊಟ್ಟಣದ ಮುಂದೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಸಕ್ಕರೆ ಸೇರಿಸಿಲ್ಲ’. ಆಹಾ, ಎಂಥ ಒಳ್ಳೆಯವರಪ್ಪಾ ಅಂದುಕೊಂಡು ಹಿಂದೆ ತಿರುಗಿಸಿದರೆ ಸಾಸಿವೆಗಿಂತ ಸಣ್ಣ ಅಕ್ಷರ. ಜೀವಮಾನವೆಲ್ಲ ಊರವರ ಬ್ಲೌಸು ಹೊಲಿದ ಕಣ್ಣು ನನ್ನದು, ಇನ್ನೂ ಸೂಜಿಗೆ ದಾರ ಪೋಣಿಸುತ್ತೇನೆ, ಬಿಡುವುದುಂಟೇ? ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದೆ. ಮಾಲ್ಟೋಡೆಕ್ಸ್‌ಟ್ರಿನ್ ಅಂತೆ. ಮಾಲ್ಟಿಟಾಲ್ ಅಂತೆ. ಸಿಹಿಕಾರಕ ಅಂತ ಬರೆದು ಅದರ ಪಕ್ಕ ಕೈದಿಗೆ ಕೊಟ್ಟ ಹಾಗೆ ಒಂದು ನಂಬರು. ಕೊನೆಯಲ್ಲಿ, ಮಕ್ಕಳಿಗೆ ಕೊಡಬೇಡಿ ಅಂತಲೂ, ಹೆಚ್ಚು ತಿಂದರೆ ಹೊಟ್ಟೆ ಕೆಡಬಹುದು ಅಂತಲೂ ಇತ್ತು. ಗಲ್ಲಾದಲ್ಲಿ ಕೂತಿದ್ದ ಯಜಮಾನರು ತಡೆಯಲಾರದೆ, “ಅಕ್ಕಾ, ಅದು ಓದಕ್ಕಲ್ಲ, ತಿನ್ನಕ್ಕೆ” ಅಂದರು. ಪಕ್ಕದವರು ನಕ್ಕರು. ನಾನು ಪೊಟ್ಟಣವನ್ನು ಇದ್ದಲ್ಲೇ ಇಟ್ಟು, ಒಂದು ಸೇರು ಮಂಡಕ್ಕಿ ತಗೊಂಡು ಮನೆಗೆ ಬಂದೆ.

ನಗುವವರಿಗೇನು, ನಗುತ್ತಾರೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದ್ದೆ. ಡಾಕ್ಟರು ಕಾಗದ ನೋಡಿ, “ಹೆದರೋದೇನಿಲ್ಲ, ಬಾರ್ಡರಲ್ಲಿ ಇದೀರಿ” ಅಂದರು. ಸೀರೆಯ ಬಾರ್ಡರು ಬಿಟ್ಟರೆ ಬೇರೆ ಬಾರ್ಡರು ಕಂಡವಳಲ್ಲ ನಾನು. ಹೆದರಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ಹೆದರದೆ ಇರುವವರನ್ನು ನೀವು ನೋಡಿದ್ದೀರಾ? ಅವತ್ತಿನಿಂದ ಕಾಲು ಜೋಮು ಹಿಡಿದರೂ ಅದೇ, ಬಾಯಿ ಒಣಗಿದರೂ ಅದೇ, ಕಣ್ಣಿಗೆ ಧೂಳು ಬಿದ್ದು ಮಂಜಾದರೂ ಅದೇ ಅಂತ ಅನ್ನಿಸುತ್ತದೆ. ನಮ್ಮ ಯಜಮಾನರು, “ನಿಂಗೆ ಸಕ್ಕರೆ ಕಾಯಿಲೆ ಇಲ್ಲ, ಹೆದರಿಕೆ ಕಾಯಿಲೆ” ಅನ್ನುತ್ತಾರೆ. ಅವರ ರಕ್ತ ಪರೀಕ್ಷೆ ಆಗಲಿ, ಆಮೇಲೆ ನೋಡೋಣ.

ಸಕ್ಕರೆ ಎದುರಿಗೆ ಬಂದರೆ ಜಗಳ ಆಡಬಹುದು. ಹಿಂದೆ ಅದು ಎದುರಿಗೇ ಬರುತ್ತಿತ್ತು. ಹೋಳಿಗೆ ಅಂದರೆ ಸಿಹಿ, ಕಜ್ಜಾಯ ಅಂದರೆ ಸಿಹಿ, ಉಪ್ಪಿನಕಾಯಿ ಅಂದರೆ ಉಪ್ಪು. ಈಗ ಖಾರದ ಮಿಕ್ಸ್ಚರಿಗೂ ಸಕ್ಕರೆ, ಟೊಮೆಟೊ ಸಾಸಿಗೂ ಸಕ್ಕರೆ, ಬ್ರೆಡ್ಡಿಗೂ ಸಕ್ಕರೆ, ಬಿಸಿನೀರಿಗೆ ಹಾಕಿ ಕದಡುವ ಸೂಪಿನ ಪುಡಿಗೂ ಸಕ್ಕರೆ. ಅದೂ ತನ್ನ ಹೆಸರಲ್ಲಿ ಬರುವುದಿಲ್ಲ. ಸಿರಪ್ಪು, ಡೆಕ್ಸ್‌ಟ್ರೋಸು ಅಂತ ಹೆಸರು ಬದಲಿಸಿಕೊಂಡು ಹಿತ್ತಿಲ ಬಾಗಿಲಲ್ಲಿ ನುಗ್ಗುತ್ತದೆ. ಸರಿ, ಸಕ್ಕರೆಯೇ ಇಲ್ಲದ್ದನ್ನು ತಗೊಳ್ಳೋಣ ಅಂದರೆ, ಅದರ ಬದಲಿಗೆ ಹಾಕಿದ ಪುಡಿಯ ಬಗ್ಗೆ ಪತ್ರಿಕೆಯಲ್ಲಿ ಒಂದು ದಿನ ಒಳ್ಳೆಯದು ಅಂತ ಬರುತ್ತದೆ, ಇನ್ನೊಂದು ದಿನ ಒಳ್ಳೆಯದಲ್ಲ ಅಂತ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಮಂಡಕ್ಕಿ ತಿಂದುಕೊಂಡು ಎಷ್ಟು ದಿನ ಇರುವುದು ಹೇಳಿ.

ಮಂಡಕ್ಕಿ ಮೆಲ್ಲುತ್ತಾ ಕೂತವಳಿಗೆ ಸುಶೀಲತ್ತಿಗೆ ನೆನಪಾದಳು. ಪೊಟ್ಟಣದ ಬೆನ್ನು ಓದುವ ವಿದ್ಯೆಯನ್ನು ನನಗೆ ಕಲಿಸಿದವಳೇ ಅವಳು. ನಮ್ಮಣ್ಣ ಮಂಜಪ್ಪನ ಹೆಂಡತಿ. ಅಣ್ಣನಿಗೆ ಕೋಣಂದೂರಿನಲ್ಲಿ ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಮ್ಮಪ್ಪ ಗೇಣಿ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಗದ್ದೆ ನಮ್ಮದೇ ಆದ ಮೇಲೂ ಅಣ್ಣ, “ನಂಗೆ ಮಣ್ಣಿನ ಕೆಲ್ಸಕ್ಕಿಂತ ಮದುವೆ ಕೆಲ್ಸ ಇಷ್ಟ” ಅಂತ ಈ ಅಂಗಡಿ ಹಾಕಿದ. ಅವನು ಚಪ್ಪರ ಕಟ್ಟದ ಮದುವೆ ಆ ಕಡೆ ಕಮ್ಮಿ. ಚಪ್ಪರ ಕಟ್ಟಿದವನನ್ನು ಉಣ್ಣಿಸದೆ ಕಳಿಸುವವರೂ ಇಲ್ಲ. ಹೀಗೆ ತೀರ್ಥಹಳ್ಳಿ, ಹೊಸನಗರ ಎರಡೂ ತಾಲ್ಲೂಕಿನ ಲಾಡು, ಜಿಲೇಬಿ, ಪಾಯಸವೆಲ್ಲ ಅಣ್ಣನ ಹೊಟ್ಟೆಗೆ ಸೇರಿದವು. ಐವತ್ತು ದಾಟುವಾಗ ಶುಗರು ಬಂತು. ಮೊದಲು ಮಾತ್ರೆ, ಆಮೇಲೆ ದಿನಾ ಇನ್ಸುಲಿನ್ನಿನ ಸೂಜಿ.

ಅಣ್ಣ ಹೆದರಲಿಲ್ಲ. ಅವನ ಪಾಲಿನ ಹೆದರಿಕೆಯನ್ನೂ ಸೇರಿಸಿ ಅತ್ತಿಗೆ ಹೆದರಿದಳು. ಅದಕ್ಕೆ ಕಾರಣವಿತ್ತು. ಅವಳ ಅಪ್ಪನಿಗೂ ಇದೇ ಕಾಯಿಲೆ. ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ವಾಸಿಯಾಗದೆ, ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಮದುವೆಗೆ ಮುಂಚೆ ಎರಡು ವರ್ಷ ಆ ಗಾಯವನ್ನು ತೊಳೆದು ಬಟ್ಟೆ ಕಟ್ಟಿದವಳು ಇವಳೇ. “ಆ ವಾಸನೆ ನನ್ನ ಮೂಗಲ್ಲಿ ಇನ್ನೂ ಇದೆ ಕಣೇ” ಅಂತ ಒಂದು ಸಲ ನನ್ನ ಹತ್ತಿರ ಹೇಳಿದ್ದಳು. ಹಾಗಾಗಿ ಅವಳು ಸಕ್ಕರೆಯ ಮೇಲೆ ಯುದ್ಧ ಸಾರಿದಾಗ ನಾವು ತಮಾಷೆ ಮಾಡಿದೆವೇ ಹೊರತು ತಡೆಯಲಿಲ್ಲ.

ಯುದ್ಧ ಅಂದರೆ ಯುದ್ಧವೇ. ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಜೋನಿಬೆಲ್ಲದ ಡಬ್ಬ ಎಲ್ಲ ಪಕ್ಕದ ಮನೆಗೆ ಹೋದವು. ಸಾಸಿನ ಬಾಟಲಿ ತಿಪ್ಪೆಗೆ. ಮಗಳು ಅಶ್ವಿನಿ ತಂದಿದ್ದ ಬೆಳಗಿನ ತಿಂಡಿಯ ಪೊಟ್ಟಣ, ಅದೇ ಹಾಲಿಗೆ ಹಾಕಿಕೊಂಡು ಕುರುಕುರು ತಿನ್ನುತ್ತಾರಲ್ಲ, ಅದು ದನಕ್ಕೆ ನೀರಿಡುವ ಬಾನಿಗೆ. ಅಂಗಡಿಯಿಂದ ಏನೇ ಬರಲಿ, ಅತ್ತಿಗೆ ಭೂತಗನ್ನಡಿ ಹಿಡಿದು ಹಿಂಭಾಗ ಓದಿ ತೀರ್ಪು ಕೊಡಬೇಕು. ಇಷ್ಟೆಲ್ಲ ಆದ ಮೇಲೆ ಅವಳ ಕೈಗೆ ಒಂದು ಆಯುಧ ಸಿಕ್ಕಿತು. ಬೆರಳುದ್ದದ ಬಿಳೀ ಡಬ್ಬಿ, ತಲೆ ಒತ್ತಿದರೆ ಕೆಳಗಿನಿಂದ ಜೋಳದ ನುಚ್ಚಿನಷ್ಟು ಒಂದು ಗುಳಿಗೆ ಉದುರುತ್ತದೆ. ಒಂದು ಗುಳಿಗೆ ಹಾಕಿದರೆ ಒಂದು ಚಮಚ ಸಕ್ಕರೆಯ ಸಿಹಿ, ಆದರೆ ಸಕ್ಕರೆ ಇಲ್ಲ. ಕುಡಿದ ಮೇಲೆ ನಾಲಿಗೆಯ ಬುಡದಲ್ಲಿ ಸ್ವಲ್ಪ ಹೊತ್ತು ತಗಡು ನೆಕ್ಕಿದ ಹಾಗಿರುತ್ತದೆ, ಅಷ್ಟೆ. ಅಣ್ಣ ಮುಖ ಕಿವುಚಿಕೊಂಡು ಕುಡಿದ. “ಸಿಹಿ ಇದೆ, ಆದ್ರೆ ರುಚಿ ಇಲ್ಲ” ಅಂದ. “ರುಚಿ ತಗೊಂಡು ಎಂತ ಮಾಡ್ತೀರಿ, ಕಾಲು ಬೇಕಾ ಬೇಡ್ವಾ?” ಅಂತ ಅತ್ತಿಗೆ ಕೇಳಿದಳು. ಅಣ್ಣ ಲೋಟದಲ್ಲಿ ಉಳಿದದ್ದನ್ನೂ ಕುಡಿದ.

ಇಷ್ಟರಲ್ಲಿ ಅಶ್ವಿನಿಯ ಮದುವೆ ಗೊತ್ತಾಯಿತು. ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಕಡೆ ಮದುವೆಯ ಕಾಗದವನ್ನು ಅಂಚೆಗೆ ಹಾಕಿ ಕೈ ತೊಳೆದುಕೊಂಡರೆ ಯಾರೂ ಬರುವುದಿಲ್ಲ. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಲ್ಲಿ ಹೇಳಿ ಬರಬೇಕು. ಅದಕ್ಕೇ ಕರೆಯ ಅನ್ನುತ್ತೇವೆ. ಕರೆಯಕ್ಕೆ ಹೋದವರು ಬಾಯಿಗೆ ಏನೂ ಹಾಕದೆ ಎದ್ದು ಬರುವ ಹಾಗಿಲ್ಲ. “ನಮ್ಮನೇಲಿ ಒಂದು ಗುಟುಕು ಕುಡೀಲಿಲ್ಲ ಅಂದ್ರೆ ನಿಮ್ಮನೆ ಮದುವೆಗೆ ನಾವೆಂತಕೆ ಬರ್ಬೇಕು?” ಅಂತ ನೇರ ಕೇಳುವ ಜನ. ಮೊದಲಾದರೆ ಬೆಲ್ಲ, ನೀರು ತಂದು ಇಡುತ್ತಿದ್ದರು. ಬೆಲ್ಲದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ ಇಬ್ಬರ ಮಾನವೂ ಉಳಿಯುತ್ತಿತ್ತು. ಈಗ ಬೆಲ್ಲ ಕೊಟ್ಟರೆ ಬಡತನ ಅಂದುಕೊಳ್ಳುತ್ತಾರೆ ಅಂತ, ಪೊಟ್ಟಣದ ಹಣ್ಣಿನ ರಸ, ಪುಡಿ ಕದಡಿದ ಬಣ್ಣದ ನೀರು, ಲೋಟದ ತುಂಬ.

ಹತ್ತಾರು ಮನೆ, ಹತ್ತಾರು ಲೋಟ. ಅತ್ತಿಗೆ ರಾತ್ರಿಯೆಲ್ಲ ಹೊರಳಾಡಿದಳಂತೆ. ಕೊನೆಗೆ ಒಂದು ಉಪಾಯ ಮಾಡಿದಳು. ಹೋಗಬೇಕಾದ ಮನೆಗಳಿಗೆಲ್ಲ ಹಿಂದಿನ ದಿನವೇ ಫೋನು ಮಾಡಿ, “ನಾಳೆ ಕರೆಯಕ್ಕೆ ಬರ್ತೀವಿ. ನಮ್ಮನೆಯವ್ರಿಗೆ ಶುಗರು. ಸಕ್ಕರೆ ಒಂದು ಕಾಳೂ ಹಾಕ್ಬೇಡಿ. ಎಣ್ಣೆ ತಿಂಡಿನೂ ಬೇಡ. ಸಿಹಿ ಗುಳಿಗೆ ನಾನೇ ತರ್ತೀನಿ, ಬರೀ ನಿಂಬೆಹಣ್ಣಿನ ನೀರು ಮಾಡಿಡಿ” ಅಂದಳು. ಯಾವ ಹೆಂಗಸು ಇಷ್ಟು ಮಾಡುತ್ತಾಳೆ ಹೇಳಿ? ಮಲೆನಾಡಿನವರು ಉಪಚಾರಕ್ಕೆ ನಿಂತರೆ ನಿಮಗೆ ಗೊತ್ತಲ್ಲ. ಕೆಲವರು ಪೇಟೆಗೆ ಆಳು ಕಳಿಸಿ ಆ ಗುಳಿಗೆಯನ್ನೇ ತರಿಸಿಟ್ಟಿದ್ದರು. ಅದು ಶುಗರು ಇಳಿಸುವ ಔಷಧಿ ಅಂದುಕೊಂಡವರೂ ಇದ್ದರು. ರಿಪ್ಪನ್‌ಪೇಟೆಯ ಒಂದು ಮನೆಯಲ್ಲಿ, “ಒಳ್ಳೇದಲ್ವಾ, ಇರ್ಲಿ ಅಂತ ನಾಲ್ಕು ಜಾಸ್ತಿ ಹಾಕಿದೀನಿ” ಅಂತ ಆ ಮನೆಯಾಕೆ ಲೋಟ ಚಾಚಿದಳು. ಅಣ್ಣ ಕಣ್ಣು ಮುಚ್ಚಿ ಕುಡಿದ.

ಆ ದಿನ ನಾವು ಮೂವರೇ ಹೊರಟದ್ದು. ಶಾಮಿಯಾನ ಹೊರುವ ಹಳೇ ವ್ಯಾನು, ಅಣ್ಣ ಓಡಿಸುವುದು, ಪಕ್ಕದಲ್ಲಿ ಅತ್ತಿಗೆ, ಹಿಂದೆ ಕುಂಕುಮದ ಬಟ್ಟಲು ಹಿಡಿದುಕೊಂಡು ನಾನು. ಬೆಳಿಗ್ಗೆ ಅಣ್ಣ ಎಂದಿನಂತೆ ಸೂಜಿ ಚುಚ್ಚಿಕೊಂಡ. ದೋಸೆಗೆ ಕೂತವನು, “ಹೋದಲ್ಲೆಲ್ಲ ಎಂತಾದ್ರೂ ಕೊಡ್ತಾರೆ, ಹೊಟ್ಟೆ ಖಾಲಿ ಇರ್ಲಿ” ಅಂತ ಅರ್ಧ ದೋಸೆಗೇ ಎದ್ದ. ಮಧ್ಯಾಹ್ನದ ಊಟ ಮಾಸ್ತಿಕಟ್ಟೆಯಲ್ಲಿ, ಅತ್ತಿಗೆಯ ಚಿಕ್ಕಮ್ಮನ ಮಗಳು ಯಶೋದಳ ಮನೆಯಲ್ಲಿ ಅಂತ ಮೊದಲೇ ಹೇಳಿಯಾಗಿತ್ತು. ರಿಪ್ಪನ್‌ಪೇಟೆ, ಹೊಸನಗರ, ಆಮೇಲೆ ನಗರ ಅಂತಲೇ ಹೆಸರಿರುವ ಊರು, ಹೀಗೆ ಮನೆಮನೆ ಹತ್ತಿ ಇಳಿದು ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಎಲ್ಲ ಮನೆಯಲ್ಲೂ ಮಾತು ಒಂದೇ. “ಶುಗರು ಎಷ್ಟಿದೆ? ಎಷ್ಟು ವರ್ಷ ಆಯ್ತು? ಅನ್ನ ಬಿಟ್ರಾ?” ಎಲ್ಲ ಮನೆಯಲ್ಲೂ ಲೋಟ ಒಂದೇ. ಹುಳಿ, ಉಪ್ಪು, ಗುಳಿಗೆ. ಅತ್ತಿಗೆಯ ಮುಖ ಅರಳಿಕೊಂಡಿತ್ತು. “ನೋಡಿದ್ಯಾ, ಹೇಳಿದ್ರೆ ಎಲ್ಲಾರೂ ಕೇಳ್ತಾರೆ. ನಾವು ಹೇಳ್ಬೇಕು ಅಷ್ಟೆ” ಅಂದಳು ನನ್ನ ಕಡೆ ತಿರುಗಿ.

ನಗರ ದಾಟಿದ ಮೇಲೆ ಅಣ್ಣ ಮಾತು ನಿಲ್ಲಿಸಿದ. ಅವನು ಸುಮ್ಮನಿರುವ ಪ್ರಾಣಿಯಲ್ಲ. ದಾರಿಯಲ್ಲಿ ಕಾಣುವ ಪ್ರತಿ ಮನೆಯನ್ನೂ ತೋರಿಸಿ, ಇಲ್ಲಿ ಚಪ್ಪರ ಹಾಕಿದ್ದೆ, ಇಲ್ಲಿ ಪಾಯಸ ಚೆನ್ನಾಗಿತ್ತು ಅಂತ ಹೇಳುವವನು. ಯಶೋದಳ ಮನೆಯ ತಿರುವು ಬಂತು, ಅಣ್ಣ ತಿರುಗಿಸಲೇ ಇಲ್ಲ. “ಇಲ್ಲೇ ಅಲ್ವನ್ರೀ?” ಅಂತ ಅತ್ತಿಗೆ ಕೂಗಿದ ಮೇಲೆ, “ಗೊತ್ತು, ಬಾಯಿ ಮುಚ್ಚೇ!” ಅಂತ ಗದರಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳಿಗೆ ಹಾಗೆ ಅಂದವನಲ್ಲ. ವ್ಯಾನು ಹಿಂದೆ ತೆಗೆಯುವಾಗ ಚಕ್ರ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಇನ್ನು ಗೇಣು ಹಿಂದೆ ಹೋಗಿದ್ದರೆ ಮೂವರೂ ಚರಂಡಿಯಲ್ಲಿ.

ಯಶೋದ ಅಂಗಳಕ್ಕೇ ಬಂದು, “ಬಂದ್ರಾ? ಬನ್ನಿ ಬನ್ನಿ” ಅಂತ ಕರೆದುಕೊಂಡು ಹೋದಳು. ಅಣ್ಣ ಜಗಲಿಯ ಕುರ್ಚಿಯಲ್ಲಿ ದೊಪ್ಪೆಂದು ಕೂತ. ಚಳಿ ಬಿಡದ ದಿನಗಳು, ಆದರೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಣೆಯಿಂದ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. “ಫ್ಯಾನು ಹಾಕ್ರೋ” ಅಂದ. ಫ್ಯಾನು ತಿರುಗುತ್ತಲೇ ಇತ್ತು.

ಅತ್ತಿಗೆ ಬ್ಯಾಗಿನಿಂದ ಶುಗರು ನೋಡುವ ಯಂತ್ರ ತೆಗೆದಳು. ಅದಿಲ್ಲದೆ ಅವಳು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅಣ್ಣನ ಬೆರಳು ಚುಚ್ಚಿ, ರಕ್ತ ಹಚ್ಚಿ, ಉಸಿರು ಹಿಡಿದು ನೋಡಿದಳು. ನಾವೆಲ್ಲ ಅವಳ ಮುಖ ನೋಡಿದೆವು. ಆ ಮುಖದಲ್ಲಿ ಏನು ಬಂತು ಅಂತೀರಿ? ಸಂತೋಷ! “ನಲವತ್ತೊಂಬತ್ತು!” ಅಂದಳು. “ಯಶೋದಾ, ನೋಡೇ ಇಲ್ಲಿ, ನಲವತ್ತೊಂಬತ್ತು! ಇನ್ನೂರು ಮುನ್ನೂರು ಇದ್ದದ್ದು! ಇಷ್ಟು ಕೆಳಗೆ ಯಾವತ್ತೂ ಬಂದಿರ್ಲಿಲ್ಲ.” ಅವಳ ಕಣ್ಣಲ್ಲಿ ನೀರೇ ಬಂತು. ಯಶೋದಳ ಗಂಡ, ಅವರಿಗೂ ಅದೇ ಕಾಯಿಲೆ, ಎದ್ದು ಬಂದು ಯಂತ್ರ ನೋಡಿ, “ಭಾರೀ ಕಂಟ್ರೋಲು ಮಾರಾಯ್ರೆ! ನಂದು ಎಂತ ಮಾಡಿದ್ರೂ ಇನ್ನೂರರ ಕೆಳಗೆ ಇಳಿಯಲ್ಲ. ನಂಗೂ ಸ್ವಲ್ಪ ಹೇಳಿಕೊಡಿ ಅತ್ತಿಗೇರೇ” ಅಂದರು. ಸುಳ್ಳು ಯಾಕೆ, ನಾನೂ ಹಲ್ಲು ಕಿರಿದೆ. ಸಕ್ಕರೆ ಏರುವುದಷ್ಟೇ ಕಾಯಿಲೆ ಅಂತ ನಾವೆಲ್ಲ ನಂಬಿದ್ದೆವು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಷ್ಟೂ ಪಾಸು ಅನ್ನುವ ಶಾಲೆಗೆ ಸೇರಿದ ಮಕ್ಕಳ ಹಾಗೆ ಅಲ್ಲಿ ನಿಂತು ಖುಷಿಪಟ್ಟೆವು.

“ಹಂಗಾದ್ರೆ ಶುಗರಿನದ್ದಲ್ಲ. ಇದು ಗ್ಯಾಸೇ” ಅಂತ ಅತ್ತಿಗೆ ತೀರ್ಮಾನಿಸಿದಳು. ಯಶೋದ ಶುಂಠಿ ಹಾಕಿ ನಿಂಬೆಹಣ್ಣಿನ ನೀರು ಮಾಡಿ ತಂದಳು. ಅತ್ತಿಗೆ ಡಬ್ಬಿ ಒತ್ತಿ ಗುಳಿಗೆ ಹಾಕಿ ಕದಡಿ ಕುಡಿಸಿದಳು. ಅಣ್ಣ ಕುಡಿದ. ಸಿಹಿಸಿಹಿಯಾಗಿ ಒಂದು ಲೋಟ ಪೂರ್ತಿ ಕುಡಿದ. ಬೆವರು ನಿಲ್ಲಲಿಲ್ಲ. ಕಣ್ಣು ಯಾವುದನ್ನೂ ನೋಡದೆ ಗೋಡೆಯ ಮೇಲೆ ಅಲೆಯುತ್ತಿತ್ತು. “ಹಾರ್ಟೋ ಏನೋ” ಅಂತ ಯಶೋದಳ ಗಂಡ ಪಿಸುಗುಟ್ಟಿ, ಡಾಕ್ಟರಿಗೆ ಫೋನು ಮಾಡಲು ಅಂಗಳದ ತುದಿಗೆ ಓಡಿದರು. ಸಿಗ್ನಲ್ಲು ಅಲ್ಲಿ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ.

ಆಗ ಒಳಗಿನಿಂದ ಯಶೋದಳ ಅತ್ತೆಯ ಗಲಾಟೆ ಶುರುವಾಯಿತು. ಎಂಬತ್ತು ದಾಟಿದ ಮುದುಕಿ. ಕಿವಿ ಕೇಳುವುದಿಲ್ಲ, ಹಸಿವು ತಡೆಯುವುದಿಲ್ಲ, ನೆಂಟರಿಗಿಂತ ಮೊದಲು ಉಣ್ಣುವುದೂ ಇಲ್ಲ. ಗೋಡೆ ಹಿಡಿದುಕೊಂಡು ಜಗಲಿಗೆ ಬಂದು, “ಎಂತ ಮಾಡ್ತಿದೀರಿ ಎಲ್ಲ ಸೇರ್ಕಂಡು? ಹೊತ್ತು ಎಲ್ಲಿಗೆ ಹೋಯ್ತು! ಇವರು ಉಂಡ್ರೆ ತಾನೆ ನಂಗೆ ಅನ್ನ? ನಂಗೆ ಹಸ್ದು ಪ್ರಾಣ ಹೋಗ್ತಿದೆ. ಆ ಮಂಜಪ್ಪ ಬೆಳಿಗ್ಗೆಯಿಂದ ಎಂತ ತಿಂದಾನೆ ಕೇಳ್ರೇ, ಅವನಿಗೂ ಹಸ್ದಿರ್ತದೆ!” ಅಂತ ಕೂಗಿದಳು.

ನಾನು ಬೆಳಗಿನಿಂದ ನೆನಪು ಮಾಡಿಕೊಂಡೆ. ಅರ್ಧ ದೋಸೆ. ಆಮೇಲೆ? ಆಮೇಲೆ ಬರೀ ನೀರು. ಹುಳಿ, ಉಪ್ಪು, ಗುಳಿಗೆ. ಊರೂರು ಸುತ್ತಿ, ಹೋದ ಮನೆಯಲ್ಲೆಲ್ಲ ಸಿಹಿ ಕುಡಿದವನ ಹೊಟ್ಟೆಗೆ ಅನ್ನದ ಒಂದು ಅಗುಳಾಗಲಿ, ಸಕ್ಕರೆಯ ಒಂದು ಹರಳಾಗಲಿ ಬಿದ್ದಿರಲಿಲ್ಲ. ಸೂಜಿಯ ಔಷಧಿ ಮಾತ್ರ ಬೆಳಗಿನಿಂದ ತನ್ನ ಕೆಲಸ ಮಾಡುತ್ತಲೇ ಇತ್ತು, ಅಕ್ಕಿ ಹಾಕದೆ ಗಿರಣಿ ಓಡಿಸಿದ ಹಾಗೆ. ನಮ್ಮ ಕಡೆ ಗುರುತಿಲ್ಲದವರು ದಾರಿಯಲ್ಲಿ ಸಿಕ್ಕಿದರೂ ಊಟ ಆಯ್ತಾ ಅಂತ ಕೇಳುತ್ತೇವೆ. ಆ ದಿನ ಅಷ್ಟು ಮನೆಯ ಅಷ್ಟು ಜನ, ಅವನ ಶುಗರು ಎಷ್ಟು ಅಂತ ಕೇಳಿದರು. ಉಂಡಿದ್ದಾನೋ ಇಲ್ಲವೋ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

“ಯಶೋದಾ, ಸಕ್ಕರೆ ತಾ! ಬೇಗ ತಾರೇ!” ಅಂತ ನಾನು ಕಿರುಚಿದೆ. ಒಳಗೆ ಓಡಲು ಎದ್ದ ನನ್ನ ಮುಂಗೈಯನ್ನು ಅತ್ತಿಗೆ ಹಿಡಿದುಕೊಂಡಳು. ಎಂಥ ಹಿಡಿತ ಅಂತೀರಿ, ಬಳೆ ಒಡೆದು ಚರ್ಮಕ್ಕೆ ನಾಟಿತು.

“ಹುಚ್ಚು ಹಿಡೀತಾ ನಿಂಗೆ? ಇಷ್ಟು ಕಷ್ಟಪಟ್ಟು ಇಳಿಸಿದೀನಿ!”

“ಇಳಿದದ್ದೇ ಜಾಸ್ತಿ ಆಯ್ತು ಅತ್ತಿಗೇ! ನೋಡಿಲ್ಲಿ, ಹೇಗಾಗಿದಾನೆ!”

“ಸಕ್ಕರೆ ಇಳಿದು ಸತ್ತವ್ರನ್ನ ಎಲ್ಲಿ ನೋಡಿದೀಯಾ ನೀನು? ಏರಿ ಸತ್ತವ್ರನ್ನ ನಾ ನೋಡಿದೀನಿ. ನಮ್ಮಪ್ಪ ನನ್ನ ಕೈಯಲ್ಲೇ ಸತ್ತಾರೆ!”

ನಾನು ಡಾಕ್ಟರಲ್ಲ, ಬ್ಲೌಸು ಹೊಲಿಯುವವಳು. ನಾನು ಹೇಳುವುದು ತಪ್ಪಾಗಿ, ಒಂದು ಮುಷ್ಟಿ ಸಕ್ಕರೆ ಹಾಕಿ ಅಣ್ಣನನ್ನು ನಾನೇ ಕೊಂದರೆ? ಒಂದು ಕ್ಷಣ ನನ್ನ ಧೈರ್ಯವೂ ಕುಸಿಯಿತು. ನಾವಿಬ್ಬರೂ ಹಾಗೆ ಕೈ ಕೈ ಹಿಡಿದು ನಿಂತಿರುವಾಗ ಅಣ್ಣ ಮೆಲ್ಲಗೆ ತಲೆ ಎತ್ತಿ ಅತ್ತಿಗೆಯ ಮುಖ ನೋಡಿದ. ಹೊಸಬರ ಹತ್ತಿರ ಮಾತಾಡುವಾಗಿನ ಆ ಮರ್ಯಾದೆಯ ದನಿಯಲ್ಲಿ ಕೇಳಿದ.

“ತಮ್ಮದು ಯಾವೂರಾಯ್ತಮ್ಮಾ?”

ಅತ್ತಿಗೆ ನನ್ನ ಕೈ ಬಿಟ್ಟಳು. ಅವಳ ಬಾಯಿಂದ ಒಂದು ಸದ್ದು ಬಂತು, ಅದನ್ನು ಅಳು ಅನ್ನಲೂ ಆಗದು. ನಾನು ಹೆಜ್ಜೆ ಎತ್ತುವ ಮೊದಲೇ ಅವಳು ಅಡುಗೆಮನೆಗೆ ಓಡಿ, ಯಶೋದಳ ಡಬ್ಬದಿಂದ ಬೆಲ್ಲದ ಅಚ್ಚು ತೆಗೆದು, ಹೊಸ್ತಿಲು ಅನ್ನುವುದನ್ನೂ ನೋಡದೆ ಅದರ ಮೇಲೇ ಕುಟ್ಟಿ ಒಡೆದು, ಎರಡೂ ಕೈಯಲ್ಲಿ ಬಾಚಿಕೊಂಡು ಬಂದಳು. ಅಣ್ಣ ಮಗುವಿನ ಹಾಗೆ ಮುಖ ತಿರುಗಿಸಿದ. ಅವಳು ನೆಲಕ್ಕೆ ಕೂತು, “ತಿನ್ನಿ, ನನ್ನಪ್ಪಾ, ತಿನ್ನಿ. ಬೆಲ್ಲ ಕಣ್ರೀ, ನಿಮಗೆ ಇಷ್ಟ ಅಲ್ವಾ, ತಿನ್ನಿ” ಅಂತ ಚೂರು ಚೂರಾಗಿ ಬಾಯಿಗೆ ಇಟ್ಟಳು. ವರ್ಷದಿಂದ ಯಾವುದನ್ನು ಮನೆಯ ಮೆಟ್ಟಿಲು ಹತ್ತಲು ಬಿಟ್ಟಿರಲಿಲ್ಲವೋ ಅದನ್ನೇ ಬೇಡಿ ಬೇಡಿ ತಿನ್ನಿಸಿದಳು. ಯಶೋದ ಸಕ್ಕರೆ ಕದಡಿದ ನೀರು ತಂದಳು, ಗುಟುಕು ಗುಟುಕಾಗಿ ಅದನ್ನೂ ಕುಡಿಸಿದೆವು. ಆಮೇಲೆ ಕಾದೆವು. ಆ ಕಾಯುವಿಕೆ ನನ್ನ ಶತ್ರುವಿಗೂ ಬೇಡ. ಮುದುಕಿ ಕೂಡ ಹಸಿವು ಮರೆತು ಬಾಗಿಲಲ್ಲಿ ಕೂತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಬೆವರು ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಕೈಯ ನಡುಕ ನಿಂತಿತು. ಅಣ್ಣ ನಿದ್ದೆಯಿಂದ ಎದ್ದವನ ಹಾಗೆ ಸುತ್ತ ನೋಡಿ, “ಎಂತ ಎಲ್ಲ ನನ್ನ ಮುಖ ನೋಡ್ತಿದೀರಿ?” ಅಂದ. ನಾಲಿಗೆಯನ್ನು ತುಟಿಯ ಮೇಲೆ ಆಡಿಸಿದ. ಏನೋ ಹೊಳೆದವನಂತೆ ಗಾಬರಿಯಾಗಿ, ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದ. “ಬೆಲ್ಲ ಯಾರು ಕೊಟ್ಟಿದ್ದೇ ನಂಗೆ? ಸುಶೀಲಂಗೆ ಗೊತ್ತಾದ್ರೆ ಬೈತಾಳೆ ಮಾರಾಯ್ತಿ!”

ಸುಶೀಲ ಅವನ ಕುರ್ಚಿಯ ಹಿಂದೆ ನಿಂತಿದ್ದಳು. ಎರಡೂ ಕೈಗೆ ಬೆಲ್ಲ ಮೆತ್ತಿಕೊಂಡಿತ್ತು, ಕಣ್ಣು ಒರೆಸಿಕೊಳ್ಳಲೂ ಆಗದೆ ಹಾಗೇ ನಿಂತಿದ್ದಳು.

ಆಮೇಲೆ ಎಲ್ಲರೂ ಉಂಡೆವು. ಮುದುಕಿ ಎಲ್ಲರಿಗಿಂತ ಹೆಚ್ಚು ಉಂಡಳು. ಡಾಕ್ಟರ ಫೋನು ಕೊನೆಗೂ ಸಿಗದೆ ತಿರುಗಿ ಬಂದಿದ್ದ ಯಶೋದಳ ಗಂಡ, ವಾಪಸು ಬರುವಾಗ ವ್ಯಾನು ಓಡಿಸಿದರು. ತೀರ್ಥಹಳ್ಳಿಯ ಡಾಕ್ಟರು ಮಾರನೇ ದಿನ ಅಣ್ಣನಿಗಿಂತ ಹೆಚ್ಚಾಗಿ ಅತ್ತಿಗೆಗೆ ಬೈದರಂತೆ. “ಸೂಜಿ ಚುಚ್ಚಿದ ಮೇಲೆ ಊಟ ತಪ್ಪಿಸಬಾರದು ಅಂತ ನಾನು ಹೇಳಿದ್ದೆನಲ್ಲ? ಏರಿದರೆ ನಿಧಾನಕ್ಕೆ ಕೆಡಿಸುತ್ತೆ, ಇಳಿದರೆ ಆ ಕ್ಷಣಕ್ಕೇ. ಆಗ ನಿಜವಾದ ಸಕ್ಕರೆಯೇ ಬೇಕು, ನಿಮ್ಮ ಗುಳಿಗೆ ಡಬ್ಬಿ ಪೂರ್ತಿ ಸುರಿದರೂ ಉಪಯೋಗವಿಲ್ಲ.” ಡಾಕ್ಟರು ಮೊದಲೇ ಎರಡೂ ಹೇಳಿದ್ದರು. ಅಪ್ಪನ ಕಾಲು ತೊಳೆದವಳ ಕಿವಿಗೆ ಒಂದೇ ಬಿದ್ದಿತ್ತು. ಅವಳನ್ನು ನಾನಂತೂ ಬೈಯಲಾರೆ.

ಮದುವೆ ಚೆನ್ನಾಗಿಯೇ ಆಯಿತು. ಆದರೆ ಅತ್ತಿಗೆ ಬದಲಾದಳು. ಈಗ ಅವಳ ಮನೆಯ ಕೋಣೆಕೋಣೆಯಲ್ಲೂ ಬೆಲ್ಲದ ಪುಟ್ಟ ಡಬ್ಬಿ ಇದೆ. ವ್ಯಾನಿನಲ್ಲಿ ಒಂದು, ಅಣ್ಣನ ಅಂಗಿಯ ಜೇಬಿನಲ್ಲಿ ಒಂದು ಪೊಟ್ಟಣ. ಸಕ್ಕರೆ ಏರಿದರೆ ಅಂತ ಒಂದು ಹೆದರಿಕೆ ಇತ್ತು, ಇಳಿದರೆ ಅಂತ ಇನ್ನೊಂದು ಸೇರಿಕೊಂಡಿತು. ಅಣ್ಣ ಅವಳನ್ನು ‘ತಮ್ಮದು ಯಾವೂರು’ ಅಂತ ಕೇಳಿದ್ದನ್ನು ನಾವು ಯಾರೂ ಅವನಿಗೆ ಹೇಳಿಲ್ಲ. ಅತ್ತಿಗೆಯೇ ಬೇಡ ಅಂದಳು.

ಮಂಡಕ್ಕಿ ಮುಗಿದ ಮೇಲೆ ಅವಳಿಗೆ ಫೋನು ಮಾಡಿದೆ. ನನ್ನ ಬಾರ್ಡರಿನ ವಿಷಯ ಹೇಳಿ, ಆ ಬಿಸ್ಕತ್ತು ತಿನ್ನಬಹುದೋ ಬೇಡವೋ ಅಂತ ಕೇಳಿದೆ. ಒಂದು ಕಾಲಕ್ಕೆ ಇದಕ್ಕೇ ಅರ್ಧ ಗಂಟೆ ಭಾಷಣ ಮಾಡುತ್ತಿದ್ದವಳು ಅವಳು. “ನಂಗೇನು ಗೊತ್ತೇ? ನನ್ನ ಮಾತ್ರ ಕೇಳ್ಬೇಡ. ಡಾಕ್ಟ್ರನ್ನ ಕೇಳು, ಎರಡು ಸಲ ಕೇಳು” ಅಂದಳು. ಆಮೇಲೆ, “ಹೆದ್ರಿಕೆ ಆಗ್ತದಾ?” ಅಂದಳು. ಆಗ್ತದೆ ಅಂದೆ. “ನಂಗೂ ಆಗ್ತದೆ. ಬಾ, ಎರಡು ದಿನ ಇದ್ದು ಹೋಗು” ಅಂದಳು.

ಹೋದೆ. ನಿನ್ನೆ ಬೆಳಿಗ್ಗೆ ಕೋಣಂದೂರಿನ ಆ ಅಡುಗೆಮನೆಯಲ್ಲಿ ಕೂತಿದ್ದೆ. ಅಣ್ಣ ಹೊರಗೆ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಅತ್ತಿಗೆ ಕಾಫಿ ಲೋಟ ಹಿಡಿದು ಅವನ ಹತ್ತಿರ ಹೋಗಿ, ಲೋಟವನ್ನು ಕೊಡದೆ ಕೇಳಿದಳು. “ನಾನು ಯಾರು ಹೇಳಿ?”

ಇದು ಅವರ ದಿನದ ಕ್ರಮವಂತೆ. ಅಣ್ಣನಿಗೆ ಇದು ಹೆಂಡತಿಯ ತಮಾಷೆ, ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತಾನಂತೆ. ನಿನ್ನೆ ಏನೂ ಹೇಳಲಿಲ್ಲ. ಪೇಪರು ಮುಖಕ್ಕೆ ಅಡ್ಡ ಇತ್ತು.

“ರೀ. ನಾನು ಯಾರು?”

ಅವಳ ಕೈಯಲ್ಲಿದ್ದ ಲೋಟದಿಂದ ಕಾಫಿ ತುಳುಕಿದ್ದು ನನಗೆ ಬಾಗಿಲಿನಿಂದ ಕಂಡಿತು. ನಾನು ಯಾವಾಗ ಎದ್ದೆನೋ, ಗೋಡೆಯ ಗೂಡಿನ ಬೆಲ್ಲದ ಡಬ್ಬಿ ಯಾವಾಗ ತೆಗೆದೆನೋ ಗೊತ್ತಿಲ್ಲ. ಬೆಲ್ಲದ ಚೂರು ಬೆರಳ ನಡುವೆ ಇತ್ತು, ಒಂದು ಕಾಲು ಜಗಲಿಯಲ್ಲಿತ್ತು.

ಅಣ್ಣ ಪೇಪರಿನ ಪುಟ ತಿರುಗಿಸಿದ. “ನೀನು ಸುಶೀಲ. ನಾನು ಮಂಜಪ್ಪ. ಒಳಗಿರೋಳು ನನ್ನ ತಂಗಿ. ಸಾಕನ? ಕಾಫಿ ಕೊಡು, ತಣಿದು ಹೋಯ್ತು.”

ಅತ್ತಿಗೆ ಲೋಟ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ನನ್ನ ಕೈ ನೋಡಿದಳು. ನಾನು ಚೂರನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಮಣೆಯ ಮೇಲೆ ಕೂತೆ. ಬೆರಳಿಗೆ ಬೆಲ್ಲ ಅಂಟಿತ್ತು. ನೆಕ್ಕಬೇಕೋ ತೊಳೆಯಬೇಕೋ ಗೊತ್ತಾಗದೆ, ಕೈಯನ್ನು ಹಾಗೇ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ.